ಸಿದ್ದಕ್ಕನ ಒತ್ತು

ಬಸ್ಸು ಮಚ್ಛೆ ದಾಟುವ ಹೊತ್ತಿಗೆ ಬಸವಪ್ರಸಾದನಿಗೆ ಒಂದು ವಿಷಯ ಖಚಿತವಾಗಿತ್ತು: ತನಗೆ ಜ್ವರ ಬಂದಿಲ್ಲ, ಖಾನಾಪುರ ಮುಟ್ಟುವುದರೊಳಗೆ ಬರುವ ಲಕ್ಷಣವೂ ಇಲ್ಲ. ಬೆಳಗಾವಿಯ ಗೋವಾವೇಸದಲ್ಲಿ ಹತ್ತಿದಾಗಿನಿಂದ ಹಿಂಗೈಯನ್ನು ಹಣೆಗೆ ಇಟ್ಟು ಇಟ್ಟು ನೋಡಿಕೊಳ್ಳುತ್ತಿದ್ದ. ಪಕ್ಕದ ಸೀಟಿನ ಹೆಂಗಸು ಮೊದಲು ಕನಿಕರದಿಂದ, ಆಮೇಲೆ ಅನುಮಾನದಿಂದ ಅವನನ್ನು ನೋಡಿ, ತನ್ನ ಮಗುವನ್ನು ಕಿಟಕಿಯ ಕಡೆಗೆ ದಾಟಿಸಿಕೊಂಡಳು. ಜ್ವರ ಬಂದರೆ ಏನು ಮಾಡಬೇಕೆಂಬುದು ಅವನಿಗೆ ಬಾಯಿಪಾಠವಾಗಿತ್ತು. ಕಾಲೇಜಿನವರು ಕೊಟ್ಟ ಹಸಿರು ರಟ್ಟಿನ ಡೈರಿಯ ಮೊದಲ ಪುಟದಲ್ಲಿ 'ಇಂಟರ್ನ್‌ಶಿಪ್ ವಿದ್ಯಾರ್ಥಿಯ ಹೊಣೆಗಾರಿಕೆಗಳು' ಎಂಬ ತಲೆಬರಹದ ಕೆಳಗೆ ಹದಿನಾಲ್ಕು ಅಂಶಗಳಿದ್ದವು. ಆರನೆಯದು, ಗೈರುಹಾಜರಾಗುವುದಿದ್ದರೆ ಸಂಸ್ಥೆಯ ಮೇಲ್ವಿಚಾರಕರಿಗೂ ಕಾಲೇಜಿನ ಮಾರ್ಗದರ್ಶಕರಿಗೂ ಮುಂಚಿತವಾಗಿ ತಿಳಿಸತಕ್ಕದ್ದು. ಏಳನೆಯದು, ತಪ್ಪಿದ ತಾಸುಗಳನ್ನು ಆಮೇಲೆ ತುಂಬಿಕೊಡತಕ್ಕದ್ದು. ಇಷ್ಟೇ. ಒಂದು ಫೋನು ಮಾಡಿದ್ದರೆ ಮುಗಿದುಹೋಗುತ್ತಿತ್ತು. ಹತ್ತು ದಿನಗಳಿಂದ ಈ ಒಂದು ಫೋನನ್ನು ಅವನು ಮನಸ್ಸಿನೊಳಗೆ ಎಷ್ಟು ಸಲ ಮಾಡಿದ್ದನೆಂದರೆ, ಅದರಲ್ಲಿ ತಾನು ಆಡುವ ಮಾತಿನ ವಿನಯವನ್ನು ತಾನೇ ಮೆಚ್ಚಿಕೊಳ್ಳುವಷ್ಟಾಗಿತ್ತು.

ಇವತ್ತು ಹದಿನೇಳನೆಯ ದಿನ, ಶುಕ್ರವಾರ. ಹನ್ನೊಂದಕ್ಕೆ ಕಾಲೇಜಿನ ಮಾರ್ಗದರ್ಶಕಿ ಮೇಘಾ ಮೇಡಂ ತಪಾಸಣೆಗೆ ಬರುವವರಿದ್ದರು. ತೊಡೆಯ ಮೇಲಿನ ಚೀಲದೊಳಗೆ ಡೈರಿ, ಡೈರಿಯೊಳಗೆ ಹದಿನಾರು ದಿನದ ಬರಹ, ಪ್ರತಿ ಬರಹದ ಕೆಳಗೂ ಮೇಲ್ವಿಚಾರಕಿಯ ಸಹಿ. ಹದಿನಾರರಲ್ಲಿ ಹದಿಮೂರನ್ನು ಸಿದ್ದಕ್ಕ ಮಾಡಿದ್ದಳು. ಉಳಿದ ಮೂರನ್ನು ಹಿಂದವಾಡಿಯ ಮನೆಯ ಮೇಲಿನ ಕೋಣೆಯಲ್ಲಿ ಕುಳಿತು, ವಾರ್ತಾಪತ್ರಿಕೆಯ ಅಂಚಿನ ಬಿಳಿ ಜಾಗದಲ್ಲಿ ನಾಲ್ಕು ಸಲ ರೂಢಿ ಮಾಡಿಕೊಂಡು, ಬಸವಪ್ರಸಾದ ಮಾಡಿದ್ದ.

ಹಂಚಿನ ಕಾರ್ಖಾನೆಗೆ ಬರಬೇಕೆಂದು ಅವನೇನೂ ಆಸೆಪಟ್ಟಿರಲಿಲ್ಲ. ಬಿ.ಕಾಂ. ಐದನೆಯ ಸೆಮಿಸ್ಟರಿನ ಎಲ್ಲರೂ ನೂರಾ ಇಪ್ಪತ್ತು ತಾಸು ಎಲ್ಲಾದರೂ ದುಡಿದು ಬರಬೇಕೆಂದಾಗ, ಗೆಳೆಯ ರೋಹನ ತನ್ನ ಸೋದರಮಾವನನ್ನು ಹಿಡಿದು ಸಾಂಬ್ರಾದ ವಿಮಾನ ನಿಲ್ದಾಣದಲ್ಲಿ ಒಂದು ಕಚೇರಿಗೆ ಸೇರಿಬಿಟ್ಟ. ಕೊರಳಿಗೆ ನೀಲಿ ಪಟ್ಟಿಯ ಗುರುತಿನ ಚೀಟಿ ಹಾಕಿಕೊಂಡು ದಿನಕ್ಕೊಂದು ಫೋಟೋ ಕಳಿಸತೊಡಗಿದ. ಬ್ಯಾಂಕು, ಆಸ್ಪತ್ರೆ, ಶೋರೂಮುಗಳೆಲ್ಲ ಹಂಚಿಹೋದ ಮೇಲೆ ಬಸವಪ್ರಸಾದನ ಪಾಲಿಗೆ ಉಳಿದದ್ದು ಖಾನಾಪುರದ ಆಚೆ, ಹೊಳೆಯ ಹಾದಿಯಲ್ಲಿದ್ದ ಈ ಕಾರ್ಖಾನೆ. ಹೊಣೆಗಾರಿಕೆಯ ಮೂರನೆಯ ಅಂಶ ಉಡುಪಿನದು: ವಿದ್ಯಾರ್ಥಿಗಳು ಶುಭ್ರವಾದ ಔಪಚಾರಿಕ ಉಡುಪು ಧರಿಸತಕ್ಕದ್ದು. ಹೀಗಾಗಿ ಮೊದಲ ದಿನ ಅವನು ಬಿಳಿ ಅಂಗಿ, ಕರಿ ಪ್ಯಾಂಟು, ಪಾಲಿಶ್ ಮಾಡಿದ ಬೂಟು ಹಾಕಿಕೊಂಡು ಕೆಂಪು ಮಣ್ಣಿನ ರಾಶಿಗಳ ನಡುವೆ ಇಳಿದ. ಹಂಚು ಸುಡುವ ಭಟ್ಟಿಗೆ ಕಟ್ಟಿಗೆ ಒಟ್ಟುತ್ತಿದ್ದ ಸಾತಪ್ಪ ಕೆಲಸ ನಿಲ್ಲಿಸಿ, "ಮದುವಿ ಎಲ್ಲೈತ್ರಿ?" ಎಂದು ಕೇಳಿದ. ಇಂಟರ್ನ್‌ಶಿಪ್‌ಗೆ ಬಂದವನೆಂದು ಹೇಳಿದ ಮೇಲೆ ಸಾತಪ್ಪ ಅದನ್ನು ತನಗೆ ಬೇಕಾದಂತೆ ಮಾಡಿಕೊಂಡ. ಅವತ್ತು ಮಧ್ಯಾಹ್ನದೊಳಗೆ ಇಡೀ ಅಂಗಳಕ್ಕೆ ಅವನು 'ಇಂಟರ್ನೆಟ್' ಆಗಿದ್ದ. "ಇಂಟರ್ನೆಟ್ ಬಂತು, ಸರೀರಿ" ಎನ್ನುತ್ತಿದ್ದರು, ಹಂಚಿನ ಬುಟ್ಟಿ ಹೊತ್ತು ಎದುರು ಬರುವವರು. ಸಂಜೆ ಮನೆಗೆ ಹೋದಾಗ ಅವನ ತಾಯಿ ಅಂಗಿಯನ್ನು ಎರಡು ಬೆರಳಲ್ಲಿ ಎತ್ತಿ ಹಿಡಿದು, ಇದು ಯಾವ ಬಣ್ಣದ್ದಿತ್ತು ಎಂದು ನಿಜವಾಗಿಯೂ ಗೊತ್ತಿಲ್ಲದವಳಂತೆ ಕೇಳಿದಳು.

ಸಿದ್ದಕ್ಕ ಅಂಗಳದ ಮೇಲ್ವಿಚಾರಕಿ. ಐವತ್ತರ ಆಸುಪಾಸಿನ ಗಟ್ಟಿ ಹೆಂಗಸು. ಅಪ್ಪ ನಂದಗಡದ ಸುತ್ತಿನ ಅಡವಿಯಲ್ಲಿ ಕುರಿ ಕಾಯ್ದವನು. ಮಗಳು ಈಗ ಹದಿನೆಂಟು ಆಳುಗಳನ್ನೂ ಸಾವಿರಾರು ಹಂಚುಗಳನ್ನೂ ಕಾಯುತ್ತಿದ್ದಳು. ಹಂಚನ್ನು ಎಡಗೈಯಲ್ಲಿ ಎತ್ತಿ, ಬಲಗೈ ಬೆರಳ ಗೆಣ್ಣಿನಿಂದ ಒಮ್ಮೆ ಬಾರಿಸಿ, ಕಿವಿಯನ್ನು ಸ್ವಲ್ಪವೇ ವಾಲಿಸಿ, ಒಡಕಿದ್ದರೆ ಎಡಕ್ಕೆ, ಗಟ್ಟಿ ಇದ್ದರೆ ಬಲಕ್ಕೆ ಹಾಕುತ್ತಿದ್ದಳು. ಹಾಗೆ ಬಾರಿಸುತ್ತಲೇ ಫೋನಿನಲ್ಲಿ ಲಾರಿಯವನ ಜೊತೆ ಮರಾಠಿಯಲ್ಲಿ ಜಗಳವಾಡುತ್ತಿದ್ದಳು, ಜಗಳದ ನಡುವೆಯೇ ಬಸವಪ್ರಸಾದನಿಗೆ ಕನ್ನಡದಲ್ಲಿ, "ಬೂಟ ಕಳೀ ತಮ್ಮಾ, ಹಸಿ ಹಂಚಿನ ಮ್ಯಾಲೆ ನಿಂತೀದಿ" ಎನ್ನುತ್ತಿದ್ದಳು. ಸಂಜೆ ಐದಕ್ಕೆ ಅವನು ಡೈರಿ ಹಿಡಿದುಕೊಂಡು ಮುಂದೆ ಬಂದು ನಿಲ್ಲಬೇಕು. ಆಕೆ ಕೈ ತೊಳೆದು, ಸೆರಗಿಗೆ ಒರೆಸಿ, ಪೆನ್ನು ಹಿಡಿದು, ಪುಟದ ಮೇಲೆ ಕಣ್ಣು ನೆಟ್ಟು ಸುಮ್ಮನೆ ಕೂರುವಳು. ಒಂದು ನಿಮಿಷ, ಎರಡು ನಿಮಿಷ. ಪೆನ್ನು ಗಾಳಿಯಲ್ಲಿ. ಅಕ್ಷರಗಳನ್ನು ನೆನಪಿನಿಂದ ಒಂದೊಂದಾಗಿ ಕರೆದು ತರುತ್ತಿದ್ದಾಳೆ ಎಂದುಕೊಂಡು ಬಸವಪ್ರಸಾದ, ಆಕೆಗೆ ಮುಜುಗರವಾಗದಿರಲೆಂದು, ಬೇರೆ ಕಡೆ ನೋಡುತ್ತ ನಿಲ್ಲುತ್ತಿದ್ದ. ಕೊನೆಗೆ ಆಕೆ ಬರೆಯುವಳು: ಸಿದಕ್ಕ. ದಕಾರಕ್ಕೆ ಒತ್ತಿಲ್ಲ. ಮೊದಲ ಸಲ ಅದನ್ನು ಕಂಡಾಗ ಅವನ ಎದೆಯಲ್ಲಿ ಏನೋ ಕರಗಿದಂತಾಯಿತು. ತನ್ನ ಹೆಸರನ್ನು ತಾನೇ ನೆಟ್ಟಗೆ ಬರೆಯಲಾರದ ಈ ಹೆಂಗಸಿನ ಎದುರು ತಾನು ಎಷ್ಟೊಂದು ಕಲಿತವನು, ಆದರೂ ಎಷ್ಟು ವಿನಯವಂತ. ಖಾನಾಪುರದಿಂದ ಮರಳುವಾಗ ಬಸ್ಸಿನಲ್ಲಿ ಈ ಭಾವನೆ ಪೀರನವಾಡಿಯ ತನಕ ಅವನನ್ನು ಬೆಚ್ಚಗಿಟ್ಟಿತ್ತು. ಮರುದಿನದ ಡೈರಿಯಲ್ಲಿ ಆಕೆಯ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಬರೆದ.

ಎಂಟನೆಯ ದಿನ, ಒಂದು ಮಂಗಳವಾರ, ಗೋವಾವೇಸದಲ್ಲಿ ಬಸ್ಸು ಅವನ ಕಣ್ಣೆದುರೇ ಹೊರಟುಹೋಯಿತು. ಇನ್ನೊಂದು ಅರ್ಧ ತಾಸಿಗೆ ಬರುತ್ತಿತ್ತು. ಆ ಅರ್ಧ ತಾಸಿನಲ್ಲಿ ರೋಹನನ ಫೋಟೋ ಬಂತು: ಹಿಂದೆ ವಿಮಾನ, ಮುಂದೆ ರೋಹನ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಒಂದು ಕಲೆ ಇಲ್ಲ. 'ಬಾ, ಒಳಗ ತೋರಸ್ತೀನಿ' ಎಂದು ಬರೆದಿದ್ದ. ಬಸವಪ್ರಸಾದ ಸಾಂಬ್ರಾದ ಬಸ್ಸು ಹತ್ತಿದ. ಒಳಗೆ ತೋರಿಸುವುದು ರೋಹನನ ಕೈಯಲ್ಲಿರಲಿಲ್ಲ. ಬಾಗಿಲ ಕಾವಲಿನವನು ಟಿಕೆಟ್ಟು ಕೇಳಿದ. ರೋಹನ ಗಾಜಿನ ಆಚೆಯಿಂದ ಕೈ ಬೀಸಿ, ಫೋನಿನಲ್ಲಿ "ಹತ್ತ ಮಿನಿಟು ಲೇ" ಎಂದು ಮಾಯವಾದ. ಬಸವಪ್ರಸಾದ ಹೊರಗಿನ ಕಟ್ಟೆಯ ಮೇಲೆ ಒಂದೂವರೆ ತಾಸು ಕುಳಿತು ಪ್ರಯಾಣಿಕರ ಪೆಟ್ಟಿಗೆಗಳ ಗಾಲಿಗಳನ್ನು ನೋಡಿದ. ಒಬ್ಬ ಮುದುಕ ಅವನ ಕರಿ ಪ್ಯಾಂಟು ಬಿಳಿ ಅಂಗಿ ಕಂಡು ಡ್ರೈವರನೆಂದು ತಿಳಿದು, "ಧಾರವಾಡಕ್ಕ ಬರ್ತೀಯೇನಪಾ?" ಎಂದು ಕೇಳಿದ. ಬುಧವಾರ ಎದ್ದಾಗ, ನಿನ್ನೆ ಯಾಕೆ ಬರಲಿಲ್ಲ ಎಂದು ಸಿದ್ದಕ್ಕ ಕೇಳುತ್ತಾಳೆ ಎಂಬ ಹೆದರಿಕೆಗೆ ಹೋಗಲಿಲ್ಲ. ಗುರುವಾರ, ಎರಡು ದಿನ ಯಾಕೆ ಬರಲಿಲ್ಲ ಎಂದು ಕೇಳುತ್ತಾಳೆ ಎಂಬ ಹೆದರಿಕೆಗೆ ಹೋಗಲಿಲ್ಲ. ಮನೆಯಿಂದ ಮಾತ್ರ ಮೂರು ದಿನವೂ ಡಬ್ಬಿ ಕಟ್ಟಿಸಿಕೊಂಡು ಸಮಯಕ್ಕೆ ಸರಿಯಾಗಿ ಹೊರಟ. ವ್ಯಾಕ್ಸಿನ್ ಡಿಪೋ ಮೈದಾನದ ಮರಗಳ ಕೆಳಗೆ ಕುಳಿತು ಹನ್ನೆರಡಕ್ಕೇ ಡಬ್ಬಿ ತಿಂದ. ದುಡಿಯದ ದಿನ ಹಸಿವು ಬೇಗ ಆಗುತ್ತದೆಂದು ಅವನಿಗೆ ಆಗಲೇ ಗೊತ್ತಾದದ್ದು.

ಗುರುವಾರ ಸಂಜೆ ಡೈರಿ ತೆಗೆದು ಮೂರೂ ದಿನದ್ದನ್ನು ತುಂಬಿದ. ಆಶ್ಚರ್ಯವೆಂದರೆ ಕೈ ಸರಾಗವಾಗಿ ಓಡಿತು. ದುಡಿದ ದಿನಗಳಲ್ಲಿ 'ಹಂಚು ಹೊತ್ತೆ, ಹಂಚು ಇಳಿಸಿದೆ' ಎಂಬುದರ ಆಚೆಗೆ ಏನೂ ಹೊಳೆಯುತ್ತಿರಲಿಲ್ಲ. ಈಗ ಮಣ್ಣಿನ ಹದ, ಬೆಂಕಿಯ ಬಣ್ಣ, ಗುಣಮಟ್ಟ ನಿಯಂತ್ರಣ, ಕಾರ್ಮಿಕ ಸಂಬಂಧ ಎಲ್ಲ ತಾವಾಗಿಯೇ ಬಂದವು. ಸಹಿಯ ಹತ್ತಿರ ಬಂದಾಗ ಪೆನ್ನು ನಿಂತಿತು. ಒತ್ತು ಹಾಕುವುದೋ ಬಿಡುವುದೋ. ಕಾಲೇಜಿನವರು ನೋಡಿದರೆ ಪಾಪ ಸಿದ್ದಕ್ಕನಿಗೆ ನಕ್ಕಾರು. ಮೂರು ಕಡೆಯಾದರೂ ಆಕೆಯ ಹೆಸರು ಸರಿ ಇರಲಿ ಎಂದು ಅವನು ದಕಾರಕ್ಕೆ ಒಂದು ಒತ್ತನ್ನು, ಚೆಂದಗೆ, ದಾನ ಮಾಡಿದ. ಸುಳ್ಳು ಸಹಿ ಮಾಡುವಾಗಲೂ ತಾನೊಂದು ಉಪಕಾರ ಮಾಡುತ್ತಿದ್ದೇನೆ ಎಂಬ ಸಮಾಧಾನದಲ್ಲಿ ಅವತ್ತು ಅವನಿಗೆ ನಿದ್ದೆ ಕೂಡ ಚೆನ್ನಾಗಿ ಬಂತು.

ಕೆಟ್ಟದ್ದು ಮರುದಿನ. ಮೂರು ದಿನದ ಮೂರು ಕಾರಣಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕಾರ್ಖಾನೆಗೆ ಹೋದರೆ ಸಿದ್ದಕ್ಕ ಏನೂ ಕೇಳಲಿಲ್ಲ. "ಬಂದ್ಯಾ? ಆ ಚೀಲ ಬಾಜೂಕ ಸರಸು" ಎಂದಳು, ಅಷ್ಟೇ. ಸಾತಪ್ಪ ಮಾತ್ರ, "ಮೂರು ದಿನ ರೇಂಜ್ ಇರ್ಲಿಲ್ಲೇನೋ?" ಎಂದು ನಕ್ಕ. ಸಂಜೆ ಆಕೆ ಡೈರಿ ಹಿಡಿದು ಎಂದಿಗಿಂತ ಹೆಚ್ಚು ಹೊತ್ತು ಕುಳಿತಳು. ಒಂದು ಹಾಳೆ ಹಿಂದಕ್ಕೆ ಮಗುಚಿದಳು, ಮತ್ತೆ ಮುಂದಕ್ಕೆ. ಪುಟ ಹುಡುಕಲು ಒದ್ದಾಡುತ್ತಿದ್ದಾಳೆಂದು ತಿಳಿದ ಬಸವಪ್ರಸಾದ ತಾನೇ ಬಾಗಿ, "ಇಲ್ಲಿ ರೀ ಅಕ್ಕಾರ" ಎಂದು ಬೆರಳಿಟ್ಟು ತೋರಿಸಿದ. ಆಕೆ ಅವನ ಬೆರಳನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಸಹಿ ಮಾಡಿದಳು.

ಈಗ ಬಸ್ಸು ಖಾನಾಪುರದ ನಿಲ್ದಾಣಕ್ಕೆ ಬಂದು ನಿಂತು, ಪಕ್ಕದ ಹೆಂಗಸು ಮಗುವನ್ನು ಎತ್ತಿಕೊಂಡು ಅವಸರವಾಗಿ ಇಳಿದುಹೋದಳು. ಬಸವಪ್ರಸಾದ ನಿಧಾನವಾಗಿ ನಡೆದ. ಎಷ್ಟು ನಿಧಾನ ನಡೆದರೂ ಹತ್ತಕ್ಕೆ ಹತ್ತು ನಿಮಿಷ ಇರುವಾಗಲೇ ತಲುಪಿದ. ಹೊಣೆಗಾರಿಕೆಯ ಮೊದಲ ಅಂಶ ಸಮಯಪಾಲನೆ.

ಮೇಘಾ ಮೇಡಂ ಹನ್ನೊಂದೂ ಕಾಲಿಗೆ ಬಂದರು. ಅತಿಥಿ ಉಪನ್ಯಾಸಕಿ, ಮೂವತ್ತು ದಾಟಿರಲಿಲ್ಲ, ಹತ್ತೊಂಬತ್ತು ವಿದ್ಯಾರ್ಥಿಗಳನ್ನು ಹತ್ತೊಂಬತ್ತು ಕಡೆ ಹೋಗಿ ನೋಡುವ ಕೆಲಸ ಅವರ ತಲೆಗೆ ಬಿದ್ದಿತ್ತು. ನಿಲ್ದಾಣದಿಂದ ನಡೆದು ಬಂದದ್ದಕ್ಕೆ ಚಪ್ಪಲಿ ಕೆಂಪಾಗಿತ್ತು. ಸಿದ್ದಕ್ಕ ದೂರದಿಂದಲೇ, "ಬರ್ರಿ ಮೇಡಂ, ನೆಳ್ಳಾಗ ಕುಂದರ್ರಿ" ಎಂದು ಕುರ್ಚಿ ಹಾಕಿಸಿ ತನ್ನ ಹಂಚಿನ ಸಾಲಿಗೆ ಮರಳಿದಳು. ಮೇಡಂ ಡೈರಿ ತೆರೆದರು. ಮೊದಲ ಪುಟಗಳನ್ನು ಬೇಗ ಬೇಗ ತಿರುವಿದರು. ಎಂಟನೆಯ ದಿನಕ್ಕೆ ಬಂದು ಕೈ ತಡೆಯಿತು.

"ಇದನ್ನ ಭಾಳ ಚಂದ ಬರದೀಯಲ್ಲೋ. 'ಬೆಂಕಿಯ ಬಣ್ಣದಿಂದ ಶಾಖ ಅಳೆಯುವ ಕಲೆ.' ಇದ ನೋಡು, ಇದಕ್ಕ ಕಲಿಕಿ ಅನ್ನೂದು. ಉಳಿದ ದಿನ ಯಾಕ ಹಿಂಗ ಬರದಿಲ್ಲ ನೀನು?"

ಬಸವಪ್ರಸಾದ ತನ್ನ ಬೂಟನ್ನು ನೋಡಿದ. ಹೊಗಳಿಕೆ ಬೆನ್ನ ಮೇಲೆ ಇರುವೆಯಂತೆ ಹರಿಯಿತು. ಮೇಡಂ ಮುಂದಿನ ಪುಟ, ಹಿಂದಿನ ಪುಟ, ಮತ್ತೆ ಮುಂದಿನ ಪುಟ ನೋಡಿದರು. ಅವರ ಹುಬ್ಬು ನಿಧಾನವಾಗಿ ಕೂಡಿಕೊಂಡಿತು.

"ಇದು ಯಾರ ಸಹಿ?"

"ಸಿದ್ದಕ್ಕಾರ್ದು ರೀ."

"ಮತ್ತ ಇದು?"

"ಅದೂ ಅವರ್ದ ರೀ."

"ತಮ್ಮ ಹೆಸರು ತಾವ ತಪ್ಪು ಬರೀತಾರೇನು ಯಾರರೆ? ಈ ಮೂರು ಖರೇ ಅದಾವ, ಒತ್ತು ಐತಿ, ಅಕ್ಷರಾ ದುಂಡಗ ಅದಾವ. ಉಳಿದ ಹದಿಮೂರು ನೀ ಗೀಚೀದಿ. ಹೌದಲ್ಲೋ?" ಮೇಡಂ ಡೈರಿಯನ್ನು ಮಡಿಲಲ್ಲಿ ಮುಚ್ಚಿದರು. "ಮೂರು ದಿನ ಬಂದು ಹದಿನಾರು ದಿನದ ಹಾಜರಿ ತುಂಬೀದಿ. ನಾನೇನು ಹುಚ್ಚಿ ಅಂತ ತಿಳದೀಯೇನು?"

ಬಸವಪ್ರಸಾದನಿಗೆ ನಿಜಕ್ಕೂ ಸಿಟ್ಟು ಬಂತು, ಪ್ರಾಮಾಣಿಕರಿಗೆ ಮಾತ್ರ ಬರಬಹುದಾದ ಸಿಟ್ಟು. ಹದಿಮೂರು ದಿನ! ಹೆಗಲ ಚರ್ಮ ಸುಲಿದದ್ದು, ಅಂಗೈಯಲ್ಲಿ ಬೊಕ್ಕೆ ಎದ್ದದ್ದು, ತಾಯಿ ಅಂಗಿ ನೆನೆಹಾಕಿದ ಬಕೆಟ್ಟಿನ ನೀರು ರಕ್ತದ ಹಾಗೆ ಕೆಂಪಾಗುತ್ತಿದ್ದದ್ದು ಎಲ್ಲ ಸುಳ್ಳಾಗಿ, ವ್ಯಾಕ್ಸಿನ್ ಡಿಪೋದ ಮರದ ಕೆಳಗೆ ಡಬ್ಬಿ ತಿಂದ ಮೂರು ದಿನ ಮಾತ್ರ ಖರೆಯಾಗಿ ಉಳಿಯುವುದೆಂದರೆ ಇದು ಯಾವ ನ್ಯಾಯ? "ಇಲ್ರಿ ಮೇಡಂ, ಅವು ಹದಿಮೂರು ಖರೇನ..." ಎಂದು ಬಾಯಿ ತೆರೆದವನು, ವಾಕ್ಯದ ಉಳಿದ ಅರ್ಧ ಎಲ್ಲಿಗೆ ಹೋಗಿ ಮುಟ್ಟುತ್ತದೆಂದು ಕಂಡು ಅಲ್ಲೇ ನಿಂತ. ಮೇಡಂ ಅವನ ದಾರಿ ಕಾಯಲಿಲ್ಲ. "ಅಕ್ಕಾರ, ಒಂದೀಟ ಇಲ್ಲಿ ಬರ್ರಿ" ಎಂದು ಕೂಗಿದರು.

ಸಿದ್ದಕ್ಕ ಕೈ ತೊಳೆದುಕೊಂಡು ಬಂದಳು. ಇವುಗಳಲ್ಲಿ ನಿಮ್ಮ ಸಹಿ ಯಾವುವೆಂದು ನೋಡಿ ಹೇಳಿ ಎಂದು ಮೇಡಂ ಡೈರಿ ಕೊಟ್ಟರು. ಆಕೆ ಒಂದೊಂದೇ ಹಾಳೆ ಮಗುಚಿ, ಕೊನೆಯ ತನಕ ನೋಡಿ, ಡೈರಿಯನ್ನು ಬಸವಪ್ರಸಾದನ ಕಡೆ ತಿರುಗಿಸಿ ಹಿಡಿದಳು.

"ನೀ ಹೇಳು ತಮ್ಮಾ. ದಿನಾ ಮುಂದ ನಿಂತು ಮಾಡಿಸ್ಕೊಂಡಾವ ನೀ ಅಲ್ಲ?"

"ಎಲ್ಲಾ ನಿಮ್ಮವ ರೀ," ಎಂದ. ಯಾರೋ ಬೇರೆಯವರ ದನಿಯಂತೆ ಕೇಳಿಸಿತು.

"ಎಲ್ಲಾ ನನ್ನವ ಅಂತ್ರಿ," ಎಂದಳು ಸಿದ್ದಕ್ಕ ಮೇಡಂಗೆ, ಆ ಕಡೆಯ ಸುದ್ದಿಯನ್ನು ಈ ಕಡೆಗೆ ಮುಟ್ಟಿಸುವವಳಂತೆ.

ಮೇಡಂ ಡೈರಿ ಇಸಿದುಕೊಂಡು, ತಮ್ಮ ಚೀಲದಿಂದ ಒಂದು ಖಾಲಿ ಹಾಳೆ ತೆಗೆದು ಕೊಟ್ಟರು. ಸಿದ್ದಕ್ಕ ನಿಂತ ಕಾಲಲ್ಲೇ, ಎಡ ಅಂಗೈ ಮೇಲೆ ಹಾಳೆ ಇಟ್ಟುಕೊಂಡು, ಕಣ್ಣೆವೆ ಮುಚ್ಚಿ ತೆರೆಯುವುದರೊಳಗೆ ಸಹಿ ಮಾಡಿ ಕೊಟ್ಟಳು. ಸಿದಕ್ಕ. ಆ ವೇಗವನ್ನು ಕಂಡು ಬಸವಪ್ರಸಾದನಿಗೆ ಎಲ್ಲೋ ಏನೋ ತಪ್ಪಿದೆ ಅನ್ನಿಸಿತು, ಏನೆಂದು ಹೊಳೆಯಲಿಲ್ಲ. ಮೇಡಂ ಹಾಳೆಯನ್ನು ನೋಡಿ, ಡೈರಿಯನ್ನು ನೋಡಿ, ಸ್ವಲ್ಪ ಕೆಂಪಾದರು. ಅವರ ದನಿ ಒಮ್ಮೆಲೇ ಮೆತ್ತಗಾಯಿತು. ಅದೇ ದನಿಯನ್ನು ಬಸವಪ್ರಸಾದ ತನ್ನ ತಲೆಯೊಳಗೆ ಹದಿನಾರು ದಿನ ಕೇಳಿದ್ದ. ಹೊರಗಿನಿಂದ ಕೇಳಿದ್ದು ಇದೇ ಮೊದಲು.

"ಇರ್ಲಿ ಬಿಡ್ರಿ ಅಕ್ಕಾರ, ಅದರಾಗೇನು ನಾಚಿಕಿ? ಒಮ್ಮೊಮ್ಮೆ ಒತ್ತು ನೆನಪಾಗಿ ಬರೀತೀರಿ, ಒಮ್ಮೊಮ್ಮೆ ಮರೀತೀರಿ. ಹಂಗಲ್ಲಾ? ಹೂಂ ಅನ್ರಿ ಸಾಕು, ನಾ ಹಂಗ ಬರಕೊಂಡು ಹೋಗತೀನಿ."

ಪಾರಾಗುವ ಬಾಗಿಲು ತೆರೆದುಕೊಂಡಿತ್ತು. ಸಿದ್ದಕ್ಕ ಒಂದು ಹೂಂ ಅಂದರೆ ಸಾಕು: ಹದಿನಾರೂ ದಿನ ಅವನವು, ಪ್ರಮಾಣಪತ್ರ ಅವನದು, ಕಾಲೇಜಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಈ ಹೆಂಗಸು ಮಾತ್ರ, ತನ್ನ ಹದಿನೆಂಟು ಆಳುಗಳ ಎದುರಿಗೆ, ತನ್ನ ಹೆಸರು ಬರೆಯುವುದನ್ನು ಮರೆಯುವವಳಾಗುತ್ತಾಳೆ. ಸಾತಪ್ಪ ಕಟ್ಟಿಗೆ ಒಟ್ಟುವುದನ್ನು ನಿಲ್ಲಿಸಿ ಈ ಕಡೆಗೇ ನೋಡುತ್ತಿದ್ದ. ಸಿದ್ದಕ್ಕ ಬಸವಪ್ರಸಾದನ ಮುಖವನ್ನು ಒಮ್ಮೆ ನೋಡಿ, ಮೇಡಂ ಕಡೆಗೆ ತಿರುಗಿ, ಬಾಯಿ ತೆರೆದಳು.

"ಇಲ್ರಿ ಮೇಡಂ!" ಎಂದುಬಿಟ್ಟ ಬಸವಪ್ರಸಾದ. ಅಷ್ಟು ಜೋರಾಗಿ ಹೇಳಬೇಕಾಗಿರಲಿಲ್ಲ. "ಒತ್ತು ಇದ್ದದ್ದು ಮೂರೂ ನಾ ಮಾಡೇನ್ರಿ. ಮೂರು ದಿನ ಬಂದಿರ್ಲಿಲ್ರಿ. ಒತ್ತು ಇಲ್ಲದ್ದು ಅವರ್ದು."

ಭಟ್ಟಿಯಲ್ಲಿ ಕಟ್ಟಿಗೆಯೊಂದು ಸಿಡಿಯಿತು. ಮೇಡಂ, ಬೈಯುವುದಕ್ಕೆ ಮುಂಚೆ ಇದೊಂದನ್ನು ತಿಳಿದುಕೊಳ್ಳಲೇಬೇಕು ಎಂಬಂತೆ, "ಕಳ್ಳ ಸಹಿ ಮಾಡಾವ ಒತ್ತು ಯಾಕ ಹಾಕಿದ್ಯೋ?" ಎಂದರು.

"ಅವರ ಹೆಸರು ಸರಿ ಇರ್ಲಿ ಅಂತ್ರಿ."

ಈಗ ಸಿದ್ದಕ್ಕ ಕಟ್ಟೆಯ ಮೇಲೆ ಕುಳಿತಳು. "ನನ್ನ ಹೆಸರಿಗೆ ಒತ್ತು ಐತಿ ಅಂತ ನನಗ ಗೊತ್ತಿಲ್ಲೇನ್ರಿ ಮೇಡಂ? ನಂದಗಡ ಸಾಲ್ಯಾಗ ಏಳನೇತ್ತೆ ತನಕ ಕಲ್ತೇನಿ. ಆಧಾರ ಕಾರ್ಡ ಮಾಡಾವ ಒತ್ತು ನುಂಗಿಬಿಟ್ಟ. ತಿದ್ದಸಾಕ ಮೂರು ಸರ್ತಿ ಬೆಳಗಾವಿಗೆ ಹೋಗಿ ಪಾಳಿ ಹಚ್ಚಿ ಬಂದೆ. ಕಾರ್ಡ ತಿದ್ದಲಿಲ್ಲ, ಕಡೀಕ ನಾನ ತಿದ್ದಕೊಂಡೆ. ಈಗ ಎಲ್ಲಾ ಕಡೆ ಹಂಗ ಸಹಿ." ಆಕೆ ಮೇಡಂ ಕೈಯಿಂದ ಡೈರಿ ತೆಗೆದುಕೊಂಡು, ತೊಡೆಯ ಮೇಲಿಟ್ಟು ಹಿಂದಕ್ಕೆ ಮಗುಚಿದಳು. "ಎರಡನೇ ದಿನದ್ದು ಕೇಳ್ರಿ." ಸಾಲೆಯಲ್ಲಿ ಎದ್ದು ನಿಂತು ಓದುವ ಹುಡುಗಿಯಂತೆ, ತಡವರಿಸದೆ, ಒತ್ತಕ್ಷರವನ್ನೆಲ್ಲ ಒತ್ತಿ ಹೇಳುತ್ತ ಆಕೆ ಓದಿದಳು: "'ಮೇಲ್ವಿಚಾರಕಿಗೆ ಓದು ಬರಹ ಬಾರದಿದ್ದರೂ ಅಪಾರ ಅನುಭವವಿದೆ.' ಅಪಾರ ಅಂದಾನಲ್ರಿ, ಅದಕ್ಕ ಸಹಿ ಮಾಡೇನಿ."

ಗಾಳಿಯಲ್ಲಿ ನಿಂತ ಪೆನ್ನು, ಪುಟಕ್ಕೆ ನೆಟ್ಟ ಕಣ್ಣು, ಒಂದು ನಿಮಿಷ, ಎರಡು ನಿಮಿಷ. ಆಕೆ ಓದುತ್ತಿದ್ದಳು. ದಿನವೂ ಓದುತ್ತಿದ್ದಳು. ಅವನು ಮುಜುಗರವಾಗದಿರಲೆಂದು ಬೇರೆ ಕಡೆ ನೋಡುತ್ತ ನಿಂತಾಗ, ಆಕೆ ಅವನು ಬರೆದದ್ದನ್ನು ಅಕ್ಷರ ಅಕ್ಷರವಾಗಿ ಓದುತ್ತಿದ್ದಳು. ಹಾಳೆ ಹಿಂದಕ್ಕೆ ಮಗುಚಿದ ಆ ಸಂಜೆ ಇಲ್ಲದ ಬೆಂಕಿಯ ಬಣ್ಣವನ್ನೂ ಓದಿದ್ದಳು, ಇಲ್ಲದ ಕಾರ್ಮಿಕ ಸಂಬಂಧವನ್ನೂ ಓದಿದ್ದಳು, ಕಡೆಗೆ ತನ್ನದಲ್ಲದ ತನ್ನ ಹೆಸರನ್ನೂ. ಆಗ ತಾನು 'ಇಲ್ಲಿ ರೀ ಅಕ್ಕಾರ' ಎಂದು ಬೆರಳಿಟ್ಟು ತೋರಿಸಿದ್ದು ನೆನಪಾಗಿ ಬಸವಪ್ರಸಾದನ ಕಿವಿ ಕಾದ ಹಂಚಿನಂತೆ ಬಿಸಿಯಾದವು. ಮೇಘಾ ಮೇಡಂ ಬಗ್ಗಿ ಚಪ್ಪಲಿಯ ಧೂಳು ಝಾಡಿಸತೊಡಗಿದರು. ಅವರ ಹೆಗಲು ಅಲುಗುತ್ತಿದ್ದುದನ್ನು ನೋಡಿದರೆ ಧೂಳು ಬಹಳವೇ ಇತ್ತು.

ನೆಟ್ಟಗೆ ಕುಳಿತಾಗ ಅವರ ಮುಖ ಮತ್ತೆ ಮೇಡಂ ಮುಖವಾಗಿತ್ತು. ಕೆಂಪು ಪೆನ್ನಿನಿಂದ ಮೂರು ಪುಟಗಳಿಗೂ ಅಡ್ಡಗೆರೆ ಎಳೆದರು, ಬೆಂಕಿಯ ಬಣ್ಣಕ್ಕೆ ಎಳೆಯುವಾಗ ಸ್ವಲ್ಪ ತಡೆದು. ಮೂರು ದಿನದ ಹದಿನೆಂಟು ತಾಸು ಮತ್ತೆ ದುಡಿಯಬೇಕು. ಕಾಲೇಜಿಗೊಂದು, ಕಾರ್ಖಾನೆಗೊಂದು ತಪ್ಪೊಪ್ಪಿಗೆಯ ಪತ್ರ ಬರೆಯಬೇಕು. ಇನ್ನೊಮ್ಮೆ ಹೀಗಾದರೆ ಇಡೀ ಇಂಟರ್ನ್‌ಶಿಪ್ ರದ್ದು, ಒಂದು ವರ್ಷ ಹೋಯಿತು. "ಮತ್ತ ಇಂವನ್ನ ಇಟ್ಕೊಳ್ಳೂದು ಬಿಡೂದು ನಿಮಗ ಬಿಟ್ಟಿದ್ದು ಅಕ್ಕಾರ," ಎಂದರು. ಸಿದ್ದಕ್ಕ ಅವನನ್ನು ತಲೆಯಿಂದ ಬೂಟಿನ ತನಕ, ಕೊಳ್ಳಲೋ ಬೇಡವೋ ಎಂಬಂತೆ ನೋಡಿದಳು. "ಬರ್ಲಿ ಬಿಡ್ರಿ. ಹೊರಾಕ ಕಲ್ತಾನ." ಮೇಡಂ ಮುಂದಿನ ವಿದ್ಯಾರ್ಥಿಯನ್ನು ನೋಡಲು ಹೊರಟುಹೋದರು.

ಅವತ್ತು ಉಳಿದ ಹೊತ್ತೆಲ್ಲ ಅಂಗಳದಲ್ಲಿ ಯಾರೂ ಅವನನ್ನು ಏನೂ ಅನ್ನಲಿಲ್ಲ. ಅನ್ನಬಹುದಿತ್ತು ಎಂದು ಅವನಿಗನ್ನಿಸಿತು. ಮನೆಯಲ್ಲಿ ತಾಯಿಗೆ ಎಲ್ಲವನ್ನೂ ಹೇಳಿದ. ಆಕೆ ಎಲ್ಲ ಬಿಟ್ಟು, ಮೂರು ದಿನ ಡಬ್ಬಿ ಎಲ್ಲಿ ಕುಳಿತು ತಿಂದೆ ಎಂದು ಕೇಳಿ, ಉತ್ತರ ಕೇಳಿ ಕಣ್ಣೊರೆಸಿಕೊಂಡಳು. ತಪ್ಪೊಪ್ಪಿಗೆಯನ್ನು ಏಳು ಸಲ ಬರೆದ. ಏಳರಲ್ಲಿ ಆರು ಚೆನ್ನಾಗಿದ್ದವು, ಹಾಗಾಗಿ ಹರಿದುಹಾಕಿದ. ಏಳನೆಯದು ಮೂರು ಸಾಲಿನದು. ಸಿದ್ದಕ್ಕ ಅದನ್ನು ಅವನೆದುರೇ ಓದಿ, ನಾಲ್ಕು ಮಡಿಕೆ ಮಾಡಿ ಸಂಚಿಯೊಳಗಿಟ್ಟಳು. ಇಪ್ಪತ್ತು ದಿನ ಮುಗಿದವು. ರೋಹನ ಪ್ರಮಾಣಪತ್ರ ಹಿಡಿದುಕೊಂಡು ಫೋಟೋ ಕಳಿಸಿದ ದಿನ ಬಸವಪ್ರಸಾದನ ಹೆಚ್ಚಿನ ಮೂರು ದಿನ ಶುರುವಾದವು.

ಆ ದಿನಗಳಲ್ಲಿ ಅವನಿಗಿದ್ದ ಒಂದೇ ಒಂದು ಸಮಾಧಾನವೆಂದರೆ, ಕಡೆಯ ಗಳಿಗೆಯಲ್ಲಾದರೂ ತಾನು ಸರಿಯಾಗಿ ನಡೆದುಕೊಂಡೆ ಎಂಬುದು. ಸಿದ್ದಕ್ಕ ಹೂಂ ಅನ್ನಲು ಬಾಯಿ ತೆರೆದಿದ್ದಳು, ತನಗೋಸ್ಕರ ತನ್ನ ಮರ್ಯಾದೆಯನ್ನು ಬಿಟ್ಟುಕೊಡಲು ಹೊರಟಿದ್ದಳು. ತಾನು ಅಡ್ಡ ಬಂದು ಆ ಮರ್ಯಾದೆಯನ್ನು ಉಳಿಸಿದೆ. ಬಸ್ಸಿನಲ್ಲಿ ಹೋಗುವಾಗ ಬರುವಾಗ ಈ ದೃಶ್ಯವನ್ನು ಅವನು ನೋಡುತ್ತಿದ್ದ, ಒಂದೊಂದು ಸಲ ನೋಡಿದಾಗಲೂ ಅದರಲ್ಲಿ ಅವನ ಎತ್ತರ ತುಸು ಹೆಚ್ಚಾಗುತ್ತಿತ್ತು. ಕಡೆಯ ದಿನ ಮಧ್ಯಾಹ್ನ, ಬಿಸಿಲಿಗೆ ಹಸಿ ಹಂಚುಗಳನ್ನು ಹೊರಳಿಸಿ ಇಡುವಾಗ, ತಡೆಯಲಾರದೆ ಕೇಳಿಯೇಬಿಟ್ಟ.

"ಅಕ್ಕಾರ, ಅವತ್ತು ಮೇಡಂ ಹೂಂ ಅನ್ರಿ ಅಂದಾಗ ನೀವು ಬಾಯಿ ತೆಗದಿದ್ರಿ. ಏನ್ ಹೇಳಾವ್ರಿದ್ರಿ?"

ಸಿದ್ದಕ್ಕ ಹಂಚು ಹೊರಳಿಸುವುದನ್ನು ನಿಲ್ಲಿಸಲಿಲ್ಲ. "ಯಾವಾಗ? ಹಾಂ, ಅವಾಗ. ಮೇಡಂಗ ಚಹಾ ತರಸ್ಲೇನಂತ ಕೇಳಾವಾಕಿದ್ದೆ. ನೀ ನಡುವ ಒದರಿದಿ. ಪಾಪ, ಬಿಸಲಾಗ ಬಂದಾಕಿ ಒಣಗಂಟಲದಾಗ ಹೋದ್ಲು."

ಬಸವಪ್ರಸಾದ ಆಕೆಯ ಮುಖವನ್ನು ನೋಡಿದ. ಚೇಷ್ಟೆಯೋ ನಿಜವೋ ಹೇಳುವಂತಿರಲಿಲ್ಲ. "ಖರೇನ ರೀ?" ಎಂದ. ಆಕೆ ಆಗಲೇ ಸಾಲಿನ ಆ ತುದಿಗೆ ಹೋಗಿ, ಲಾರಿಯವನಿಗೆ ಫೋನು ಹಚ್ಚಿ ಮರಾಠಿಗೆ ಇಳಿದಿದ್ದಳು. ಅವನು ಬಗ್ಗಿ ಒಂದು ಹಂಚು ಹೊರಳಿಸಿದ, ಇನ್ನೊಂದು ಹೊರಳಿಸಿದ. ಅರ್ಧ ಸಾಲು ಮುಗಿದ ಮೇಲೆ, ಎಲ್ಲಿಂದಲೋ, ಅವನಿಗೆ ನಗು ಬಂತು. ಭಟ್ಟಿಯ ಬಳಿಯಿಂದ ಸಾತಪ್ಪ, "ಏನಾತೋ?" ಎಂದು ಕೂಗಿದ. ಏನೆಂದು ಹೇಳಲು ಹೋದವನಿಗೆ ಮತ್ತಷ್ಟು ನಗು ಬಂದು, ಮಣ್ಣು ಮೆತ್ತಿದ ಅಂಗೈಯನ್ನು ಬಾಯಿಗೆ ಅಡ್ಡ ಹಿಡಿದುಕೊಂಡು, ಕೆಂಪು ಅಂಗಳದ ನಡುವೆ ಅವನು ಕುಕ್ಕರಗಾಲಲ್ಲಿ ಕುಳಿತುಬಿಟ್ಟ.